ಬೆನ್ನಷ್ಟೇ ಕಾಣುವ ಶಕುಂತಲಾ

ಬೆಳಗಿನ ಆರೂಕಾಲು. ವಡೋದರಾದ ಕಾಲೇಜೊಂದರ ಸಭಾಂಗಣದ ಹಿಂಬಾಗಿಲ ಬೀಗ ತೆಗೆದು ಶಕುಂತಲಾ ಒಳಗೆ ಬರುತ್ತಾರೆ. ದೀಪ ಹಾಕುವುದಿಲ್ಲ. ಆರು ವರ್ಷದ ಅಭ್ಯಾಸದಲ್ಲಿ ಕತ್ತಲಲ್ಲೇ ಮೆಟ್ಟಿಲು ಇಳಿದು, ಕಿಟಕಿಯ ದಪ್ಪ ಪರದೆಗಳನ್ನು ಒಂದೊಂದಾಗಿ ಸರಿಸುತ್ತಾರೆ. ಫೆಬ್ರವರಿಯ ಮಸುಕು ಬೆಳಕು ಕುರ್ಚಿಗಳ ಮೇಲೆ ಬೀಳುತ್ತದೆ. ಹದಿನೇಳರಂತೆ ಇಪ್ಪತ್ತು ಸಾಲು, ಒಟ್ಟು ಮುನ್ನೂರ ನಲವತ್ತು ಕುರ್ಚಿ. ಅಷ್ಟನ್ನೂ ಒದ್ದೆ ಬಟ್ಟೆಯಲ್ಲಿ ಒರೆಸಿ, ನೆಲ ಗುಡಿಸಿ, ರಂಗದ ಮೇಲಿನ ಮರದ ಹಲಗೆಗಳ ಮೇಲೆ ಬರಿಗೈ ಆಡಿಸಿ ಎದ್ದ ಮೊಳೆ ಇದೆಯೇ ಎಂದು ನೋಡುತ್ತಾರೆ. ಮಕ್ಕಳು ಬರಿಗಾಲಲ್ಲಿ ಓಡಾಡುವ ಜಾಗ ಅದು.

ಏಳಕ್ಕೆ ಮಕ್ಕಳು ಬರುತ್ತಾರೆ. ಮಕ್ಕಳೆಂದರೆ ಹತ್ತೊಂಬತ್ತು, ಇಪ್ಪತ್ತರ ವಿದ್ಯಾರ್ಥಿಗಳು. ಶಕುಂತಲಾ ಹಿಡಿಸೂಡಿಯನ್ನು ಗೋಡೆಗೆ ಒರಗಿಸಿ, ಸೆರಗಿಗೆ ಕೈ ಒರೆಸಿಕೊಂಡು, ರಂಗದ ನಡುವೆ ಇಟ್ಟ ಕಬ್ಬಿಣದ ಕುರ್ಚಿಯಲ್ಲಿ ಪ್ರೇಕ್ಷಕರು ಕೂರುವ ಕಡೆಗೆ ಬೆನ್ನು ಹಾಕಿ ಕೂರುತ್ತಾರೆ. ನಿತೇಶ್ ಎಂಬ ಉದ್ದನೆಯ ಹುಡುಗ ಅವರ ಎದುರು ನೆಲದ ಮೇಲೆ ಕೂತು, ತಾನು ಬೀಗ ಹಾಕಿದ ಗಿರಣಿಯೊಳಗೆ ಒಬ್ಬ ಮನುಷ್ಯ ಉಳಿದುಹೋಗಿದ್ದು ತನಗೆ ಗೊತ್ತಿತ್ತು ಎಂದು ಗುಜರಾತಿಯಲ್ಲಿ ಹೇಳತೊಡಗುತ್ತಾನೆ. ಶಕುಂತಲಾ ಕೇಳುತ್ತಾರೆ. ಅವನು ಮುಗಿಸಿದ ಮೇಲೆ, ಔಷಧಿ ಬಾಟಲಿ ಬದಲಾಯಿಸಿದ ಕಂಪೌಂಡರ್. ಅವನಾದ ಮೇಲೆ, ತಂಗಿಯನ್ನು ಹೊಡೆಯುವ ಗಂಡನ ಮನೆಗೇ ತಿರುಗಿ ಕಳಿಸಿದ ಅಣ್ಣ. ಎಂಟೂವರೆಗೆ ತರಗತಿಯ ಗಂಟೆ ಹೊಡೆಯುವ ಹೊತ್ತಿಗೆ ನಲವತ್ತಾರು ವರ್ಷದ ಈ ಹೆಂಗಸು ಐದು ಜನರ ಪಾಪ ಕೇಳಿಸಿಕೊಂಡಿರುತ್ತಾರೆ. ಆಮೇಲೆ ಎದ್ದು ಬಕೆಟ್ ಹಿಡಿದು ಶೌಚಾಲಯ ತೊಳೆಯಲು ಹೋಗುತ್ತಾರೆ.

ನಾಟಕದ ಹೆಸರು ‘ಸಾಂಭಳೋ’. ಗುಜರಾತಿಯಲ್ಲಿ ‘ಕೇಳಿ’ ಎಂದರ್ಥ. ಐದು ಮಂದಿ ವಿದ್ಯಾರ್ಥಿಗಳು ತಾವೇ ಬರೆದ ಐದು ಆತ್ಮನಿವೇದನೆಗಳು. ಒಬ್ಬರಾದ ಮೇಲೆ ಒಬ್ಬರು ಬಂದು, ಬದುಕಿನಲ್ಲಿ ಯಾರಿಗೂ ಹೇಳದ ಕಪ್ಪು ಸಂಗತಿಯೊಂದನ್ನು ಆ ಕುರ್ಚಿಯ ಮುಂದೆ ಹೇಳಿಕೊಂಡು ಹೋಗುತ್ತಾರೆ. ಕುರ್ಚಿಯಲ್ಲಿ ಕೂತವರಿಗೆ ಒಂದೂ ಮಾತಿಲ್ಲ. ಜನರಿಗೆ ಕಾಣುವುದು ಅವರ ಬೆನ್ನು ಮತ್ತು ತುರುಬು ಮಾತ್ರ. ಹಂಚಿದ ಕರಪತ್ರದಲ್ಲಿ ಬೆಳಕು ಬಿಟ್ಟವರ, ಮುಖಕ್ಕೆ ಬಣ್ಣ ಹಚ್ಚಿದವರ, ಪರದೆ ಎಳೆದವರ ಹೆಸರೆಲ್ಲ ಇದೆ. ಕುರ್ಚಿಯಲ್ಲಿ ಕೂತವರ ಹೆಸರಿಲ್ಲ.

“ನನ್ನದು ಎಂತ ಹೆಸರು ಹಾಕೂದು? ನಾನು ಕೂತದ್ದು ಮಾತ್ರ ಅಲ್ವಾ?” ಎನ್ನುತ್ತಾರೆ ಶಕುಂತಲಾ.

ಅವರು ಅಲ್ಲಿ ಕೂತದ್ದು ಆಕಸ್ಮಿಕ. ಕಳೆದ ಜುಲೈಯಲ್ಲಿ ತಾಲೀಮು ಶುರುವಾದಾಗ ಕುರ್ಚಿ ಖಾಲಿ ಇತ್ತು. ಖಾಲಿ ಕುರ್ಚಿಗೆ ಮಾತಾಡಿ ಮಾತಾಡಿ ಹುಡುಗರ ಮಾತು ಪಾಠ ಒಪ್ಪಿಸಿದಂತಾಗುತ್ತಿತ್ತು. ನಾಟಕ ಆಡಿಸುತ್ತಿದ್ದ ತನ್ವಿ ಎಂಬ ಕೊನೆಯ ವರ್ಷದ ಹುಡುಗಿಗೆ ತಲೆ ಕೆಟ್ಟು, ಮೂಲೆಯಲ್ಲಿ ಗುಡಿಸುತ್ತಿದ್ದ ಇವರನ್ನು ಕರೆದಳು. “ಮಾಸಿ, ಐದು ನಿಮಿಷ ಇಲ್ಲಿ ಕೂತ್ಕೊಳ್ಳಿ” ಎಂದಳು. ಮಾಸಿ ಎಂದರೆ ಗುಜರಾತಿಯಲ್ಲಿ ಚಿಕ್ಕಮ್ಮ. ಆ ಐದು ನಿಮಿಷ ಇನ್ನೂ ಮುಗಿದಿಲ್ಲ.

“ಮಾಸಿಗೆ ನಟನೆ ಬರಲ್ಲ. ಅದೇ ನಮ್ಮ ಪುಣ್ಯ. ಮಾತು ಸುಳ್ಳಾದರೆ ಅವರು ಎದ್ದು ಹೋಗಿಬಿಡುತ್ತಾರೆ. ಬೇಕಂತ ಅಲ್ಲ, ಅವರಿಗೆ ಬಕೆಟ್ಟಿನ ನೆನಪಾಗುತ್ತೆ. ಅವರು ಎದ್ದ ಕಡೆಯಲ್ಲೆಲ್ಲ ನಾವು ಮಾತು ಬದಲಾಯಿಸಿದ್ದೇವೆ,” ಎನ್ನುತ್ತಾಳೆ ತನ್ವಿ.

ಶಕುಂತಲಾ ಉಡುಪಿ ಸೀಮೆಯವರು. ಬ್ರಹ್ಮಾವರದಿಂದ ಒಳಗೆ ನಾಲ್ಕು ಮೈಲಿಯ ಊರು. ಐದನೇ ಕ್ಲಾಸಿಗೆ ಶಾಲೆ ಬಿಟ್ಟವರು, ಓದಲು ಬರುವುದು ಕನ್ನಡ ಮಾತ್ರ. ಮದುವೆಯಾದ ವರ್ಷ, ಅಂದರೆ ಎಂಬತ್ತಾರರಲ್ಲಿ, ಗಂಡ ಪದ್ಮನಾಭರ ಜೊತೆ ಸೂರತ್ತಿಗೆ ಬಂದರು. ಪದ್ಮನಾಭ ಅಲ್ಲಿನ ಉಡುಪಿ ಹೋಟೆಲೊಂದರಲ್ಲಿ ಹಿಟ್ಟು ರುಬ್ಬುವ ಕೆಲಸಕ್ಕಿದ್ದರು. ಈಗಲೂ ಅದೇ ಕೆಲಸ. ಊರು ಮಾತ್ರ ವಡೋದರಾ, ಹೋಟೆಲು ಇಲ್ಲಿನ ಅಲ್ಕಾಪುರಿ ಬಡಾವಣೆಯದ್ದು. ಮನೆ ಗೋರ್ವಾದಲ್ಲಿ, ಕಾರ್ಖಾನೆಗಳ ಬೆನ್ನಿಗೆ ಅಂಟಿಕೊಂಡ ಒಂದು ಕೋಣೆ. ಗಂಡ ಬೆಳಗಿನ ನಾಲ್ಕಕ್ಕೆ ಸೈಕಲ್ ತುಳಿದುಕೊಂಡು ಹೋದರೆ ಇವರು ಐದೂವರೆಗೆ ಹತ್ತಾರು ಜನ ಹಂಚಿಕೊಂಡು ಹೋಗುವ ಶಟಲ್ ರಿಕ್ಷಾ ಹಿಡಿಯುತ್ತಾರೆ. ಗಂಡ ಹೆಂಡತಿ ಮುಖ ನೋಡುವುದು ಮಧ್ಯಾಹ್ನ ಮೂರರ ಮೇಲೆ.

ಮಕ್ಕಳೆಷ್ಟು ಎಂದು ಯಾರಾದರೂ ಕೇಳಿದರೆ ಶಕುಂತಲಾ ಬಹಳ ವರ್ಷ “ಇಲ್ಲ” ಎನ್ನುತ್ತಿದ್ದರು. ಒಬ್ಬಳಿದ್ದಳು ಎಂದರೆ ಮುಂದಿನ ಪ್ರಶ್ನೆ ಬರುತ್ತದೆ. ಆ ಪ್ರಶ್ನೆಗೆ ಅವರು ಒಂಬತ್ತು ವರ್ಷ ಯಾರಿಗೂ ಉತ್ತರ ಕೊಟ್ಟಿರಲಿಲ್ಲ. ಮೊದಲ ಸಲ ಕೊಟ್ಟದ್ದು ಪ್ರಾರ್ಥನಾಳಿಗೆ.

ಪ್ರಾರ್ಥನಾ ಐವರಲ್ಲಿ ಕೊನೆಯವಳು. ಮಂಜಲ್‌ಪುರದ ಹುಡುಗಿ, ಅಪ್ಪ ಮಕರ್‌ಪುರಾದ ಕಾರ್ಖಾನೆಯಲ್ಲಿ ಮೇಲ್ವಿಚಾರಕ. ಮನೆಮಾತು ಕನ್ನಡವೇ, ಆದರೆ ಹುಟ್ಟಿ ಬೆಳೆದದ್ದು ಇಲ್ಲೇ ಆದ್ದರಿಂದ ಅವಳ ಕನ್ನಡ ಅಲ್ಲಲ್ಲಿ ಹರಿದುಹೋಗಿದೆ. ದೊಡ್ಡವರಿಗೆ ‘ನೀವು’ ಅನ್ನಬೇಕೆಂಬುದು ಅವಳಿಗೆ ನೆನಪಾಗುವುದು ವಾಕ್ಯ ಮುಗಿದ ಮೇಲೆ. ಅವಳ ಪಾಲಿನದು, ಹೆತ್ತ ಮಗುವನ್ನು ಬಸ್ ಸ್ಟ್ಯಾಂಡಿನಲ್ಲಿ ಬಿಟ್ಟು ಹೋದ ತಾಯಿಯ ಮಾತು. ಹದಿನಾಲ್ಕು ನಿಮಿಷ. ಅವಳು ಎರಡನೇ ನಿಮಿಷಕ್ಕೆ ಅಳಲು ಶುರುಮಾಡುತ್ತಿದ್ದಳು, ಐದನೇ ನಿಮಿಷಕ್ಕೆ ಎದೆ ಬಡಿದುಕೊಳ್ಳುತ್ತಿದ್ದಳು. ಗೆಳೆಯರೆಲ್ಲ ಕಣ್ಣೊರೆಸಿಕೊಳ್ಳುತ್ತಿದ್ದರು. ಶಕುಂತಲಾ ಮಾತ್ರ ಪ್ರತಿ ಸಲವೂ ಎದ್ದು ಹೋಗುತ್ತಿದ್ದರು.

ಹತ್ತು ದಿನ ಹೀಗಾದ ಮೇಲೆ ಹುಡುಗಿ ಅವರನ್ನು ನಲ್ಲಿಯ ಹತ್ತಿರ ಅಡ್ಡಗಟ್ಟಿದಳು.

“ಮಾಸಿ, ನೀನು ಯಾಕೆ ನಂದು ಮಾತ್ರ ಕೇಳಲ್ಲ? ನಾನು ಅಷ್ಟು ಖರಾಬ್ ಮಾಡ್ತೀನಾ?”

“ಚಂದ ಮಾಡ್ತಿ ಮಗಾ.”

“ಮತ್ತೆ?”

ಶಕುಂತಲಾ ಬಕೆಟ್ ತುಂಬಿಸಿ, ನಲ್ಲಿ ನಿಲ್ಲಿಸಿ ಹೇಳಿದರು: “ನೀನು ಅಳ್ತಿ. ಅಂಥಾದ್ದು ಮಾಡಿದವಳು ಅಳೂದಿಲ್ಲ. ಅವಳಿಗೆ ಅಳೂಕೆ ಧೈರ್ಯ ಬರೂದಿಲ್ಲ.”

“ಅದು ನಿನಗೆ ಹೇಗೆ ಗೊತ್ತು?”

ಬಕೆಟ್ ಎತ್ತಿಕೊಂಡು ಶಕುಂತಲಾ ನಡೆದುಬಿಟ್ಟರು.

ಆಗಸ್ಟಿನಲ್ಲಿ ಒಂದು ಬೆಳಿಗ್ಗೆ ಮಳೆ ಹುಯ್ದು ಊರೆಲ್ಲ ನೀರಾಯಿತು. ತಾಲೀಮಿಗೆ ಬಂದವಳು ಪ್ರಾರ್ಥನಾ ಒಬ್ಬಳೇ. ಒದ್ದೆ ದುಪಟ್ಟಾ ಹಿಂಡಿಕೊಂಡು ಅವಳು ರಂಗದ ಮೇಲೆ ಬಂದಾಗ ಶಕುಂತಲಾ ಕುರ್ಚಿಯ ಪಕ್ಕ ನಿಂತಿದ್ದರು. “ಇವತ್ತು ನೀನು ಕೂತ್ಕೊ” ಎಂದರು. ಹುಡುಗಿ ಕೂತಳು. ಶಕುಂತಲಾ ಅವಳೆದುರು ನೆಲದ ಮೇಲೆ ಕೂತರು. ಅಂದು ತಮ್ಮ ಮಗಳ ವಿಷಯ ಹೇಳಬೇಕೆನಿಸಿದ್ದು ಯಾಕೆ ಎಂದು ಕೇಳಿದರೆ ಹೀಗೆನ್ನುತ್ತಾರೆ:

“ದಿನಾ ಐದು ಜನ ನನ್ನ ಹತ್ರ ಹೇಳಿ ಹಗುರಾಗಿ ಹೋಗ್ತಿದ್ರು. ಸುಳ್ಳೇ ಆದ್ರೂ ಹೇಳಿದ ಮೇಲೆ ಅವರ ಮುಖ ಬೇರೆ ಆಗ್ತಿತ್ತು. ನಂಗೂ ಆಸೆ ಆಯ್ತು. ಮತ್ತೆ, ಅವಳಿಗೆ ಕನ್ನಡ ಅರ್ಧ ಬರೂದಿಲ್ಲ ಅಲ್ವಾ? ಅರ್ಧ ಅರ್ಥ ಆಗ್ಲಿಕ್ಕಿಲ್ಲ ಅಂತ ಧೈರ್ಯ.”

ತೊಂಬತ್ತನಾಲ್ಕರ ಸೆಪ್ಟೆಂಬರು. ಸೂರತ್ತಿನಲ್ಲಿ ಪ್ಲೇಗು ಎಂಬ ಸುದ್ದಿ ಒಂದು ಸಂಜೆ ಹುಟ್ಟಿ, ಬೆಳಗಾಗುವುದರೊಳಗೆ ಊರನ್ನೇ ಖಾಲಿ ಮಾಡತೊಡಗಿತು. ಔಷಧಿ ಅಂಗಡಿಗಳಲ್ಲಿ ಮಾತ್ರೆ ಮುಗಿಯಿತು, ಜನ ಮೂಗಿಗೆ ಬಟ್ಟೆ ಕಟ್ಟಿಕೊಂಡು ಸ್ಟೇಷನ್ನಿಗೆ ಓಡಿದರು. ಪದ್ಮನಾಭರ ಹೋಟೆಲು ಬಾಗಿಲು ಹಾಕಿತು. ವರಾಛಾ ರಸ್ತೆಯ ಅವರ ಕೋಣೆಯಲ್ಲಿ ಮೂವರು. ಗಂಡ, ಹೆಂಡತಿ, ಏಳು ವರ್ಷದ ಮಗಳು ವಾರಿಜಾ.

ಹೊರಡುವ ಹಿಂದಿನ ದಿನವೇ ವಾರಿಜಾಳ ಮೈ ಬೆಚ್ಚಗಿತ್ತು. ಅದು ಶಕುಂತಲಾಗೆ ಗೊತ್ತಿತ್ತು. ಜ್ವರ ಬಂದವರನ್ನು ಗಾಡಿಯಲ್ಲಿ ಒಯ್ದು ಬೇರೆ ಇಡುತ್ತಾರೆ, ಮನೆಯವರಿಗೆ ಮುಖ ತೋರಿಸುವುದಿಲ್ಲ ಎಂದು ಓಣಿಯಲ್ಲೆಲ್ಲ ಮಾತು. ಪದ್ಮನಾಭ ಬಟ್ಟೆ ಕಟ್ಟುತ್ತ, “ಯಾರಿಗಾದ್ರೂ ಮೈ ಸರಿ ಇಲ್ದಿದ್ರೆ ಈಗ್ಲೇ ಹೇಳು, ರೈಲು ಬೇಡ, ಆಸ್ಪತ್ರೆಗೆ ಹೋಪ” ಎಂದಿದ್ದರು. ಶಕುಂತಲಾ, “ಎಂತದೂ ಇಲ್ಲ, ಆಡಿ ಸುಸ್ತಾಗಿದ್ದಾಳೆ” ಎಂದರು.

“ನಾನು ಹೇಳಿದ ಸುಳ್ಳು ಅದೊಂದೇ ಅಲ್ಲ. ರೈಲಲ್ಲಿ ಕಾಲಿಡೂಕೆ ಜಾಗ ಇರ್ಲಿಲ್ಲ. ಯಾರೋ ಒಬ್ಬ ಮುದುಕ ಕೆಮ್ಮಿದ. ಅವನನ್ನು ಅಂಕ್ಲೇಶ್ವರದಲ್ಲಿ ಇಳಿಸಿಬಿಟ್ರು. ಅವ ಕೈಮುಗಿದ, ಆದ್ರೂ ಇಳಿಸಿದ್ರು. ನಾನು ವಾರಿಜಾಳ ಬಾಯಿಗೆ ಸೆರಗು ಒತ್ತಿ ಹಿಡಿದೆ. ಕೆಮ್ಮಬೇಡ ಮಗಾ, ಇಳಿಯುವವರೆಗೆ ಒಂದು ಸಲ ಕೂಡ ಕೆಮ್ಮಬೇಡ ಅಂದೆ. ಅದು ಕೆಮ್ಮಲಿಲ್ಲ. ಕಣ್ಣಲ್ಲಿ ನೀರು ಬಂತು, ಮೈಯೆಲ್ಲ ನಡುಗ್ತಿತ್ತು, ಕೆಮ್ಮಲಿಲ್ಲ.”

ವಡೋದರಾದಲ್ಲಿ ಇಳಿದು ಅಲ್ಕಾಪುರಿಯ ಹೋಟೆಲಿನ ಯಜಮಾನರ ಕಾಲು ಹಿಡಿದರು. ಅವರು ಊರ ಕಡೆಯವರೇ. ಯಾರಿಗೂ ಕಾಯಿಲೆಯಿಲ್ಲ ಎಂದು ಆಣೆ ಮಾಡಿಸಿಕೊಂಡು ದಿನಸಿ ಕೋಣೆಯ ಹಿಂದೆ ಜಾಗ ಕೊಟ್ಟರು. ಆಣೆ ಮಾಡಿದ ಮೇಲೆ ಮತ್ತೆರಡು ದಿನ ಬಾಯಿ ಬಿಡುವಂತಿರಲಿಲ್ಲ. ಮೂರನೇ ದಿನ ಮಗು ಉಸಿರೆಳೆಯಲು ಕಷ್ಟಪಡುವಾಗ ಆಸ್ಪತ್ರೆಗೆ ಹೊತ್ತೊಯ್ದರು. ಡಾಕ್ಟರು ಪರೀಕ್ಷೆ ಮಾಡಿಸಿ, ಇದು ಆ ರೋಗವಲ್ಲ, ನ್ಯುಮೋನಿಯಾ ಎಂದರು. ಎರಡು ಮೂರು ದಿನ ಮುಂಚೆ ತಂದಿದ್ದರೆ, ಎಂದು ಏನೋ ಹೇಳಹೊರಟು, ಶಕುಂತಲಾರ ಮುಖ ನೋಡಿ ನಿಲ್ಲಿಸಿದರು. ಮಾರನೆಯ ದಿನ ಮಧ್ಯಾಹ್ನ ವಾರಿಜಾ ತೀರಿಕೊಂಡಳು.

ಇದನ್ನೆಲ್ಲ ಹೇಳುವಾಗ ಶಕುಂತಲಾ ಅಳಲಿಲ್ಲ. ಕುರ್ಚಿಯಲ್ಲಿ ಕೂತ ಪ್ರಾರ್ಥನಾಳೂ ಅಳಲಿಲ್ಲ. ಅವಳಿಗೆ ಅರ್ಧವಲ್ಲ, ಪೂರ್ತಿ ಅರ್ಥವಾಗಿತ್ತು. ಹೊರಗೆ ಮಳೆ ನಿಂತಾಗ ಅವಳು ಇಳಿದು ಬಂದು ಅವರ ಪಕ್ಕ ನೆಲದ ಮೇಲೆ ಕೂತಳು.

ಮರುದಿನ ಮಾತ್ರ ಅವಳೊಂದು ತಪ್ಪು ಮಾಡಿದಳು. “ಮಾಸಿ, ನನ್ನ ಮೊನೊಲಾಗ್‌ನಲ್ಲಿ ಅದನ್ನು ಹಾಕ್ಲಾ? ರೈಲು, ಸೆರಗು...” ಎಂದು ಕೇಳಿದಳು.

ಶಕುಂತಲಾರ ಮುಖ ಕಲ್ಲಾಯಿತು. “ನನ್ನ ಮಗಳು ನಿನ್ನ ನಾಟಕಕ್ಕೆ ಅಲ್ಲ” ಎಂದರು. ನಾಲ್ಕು ದಿನ ಕುರ್ಚಿಯ ಹತ್ತಿರ ಸುಳಿಯಲಿಲ್ಲ. ಐದನೇ ದಿನ ಹುಡುಗಿ ಬಂದು ಏನೂ ಹೇಳದೆ ಅವರ ಹಿಡಿಸೂಡಿ ತೆಗೆದುಕೊಂಡು ಒಂದು ತುದಿಯಿಂದ ಗುಡಿಸತೊಡಗಿದಳು. ಕಸವನ್ನೆಲ್ಲ ಸಾಲಿನಡಿಗೇ ತಳ್ಳುತ್ತಿದ್ದಳು. “ಹಾಗಲ್ಲ ಮಾರಾಯ್ತಿ” ಎಂದು ಶಕುಂತಲಾ ಕೈಯಿಂದ ಕಿತ್ತುಕೊಂಡರು. ಅಲ್ಲಿಗೆ ಮುನಿಸು ಮುಗಿಯಿತು.

ಪ್ರಾರ್ಥನಾ ಒಂದು ಮಾತನ್ನೂ ಸೇರಿಸಲಿಲ್ಲ. ಆದರೆ ಅವಳ ಅಳು ನಿಂತಿತ್ತು. ಮಗುವನ್ನು ಬಿಟ್ಟ ತಾಯಿ ಈಗ ಮಾರ್ಕೆಟ್ಟಿಗೆ ಹೋಗಿ ಬಂದ ವಿಚಾರ ಹೇಳುವಂತೆ ಮೆಲ್ಲಗೆ, ಒಂದೇ ಸಮನೆ ಮಾತಾಡುತ್ತಿದ್ದಳು. ಆ ಹದಿನಾಲ್ಕು ನಿಮಿಷ ಶಕುಂತಲಾ ಕುರ್ಚಿ ಬಿಟ್ಟು ಏಳಲಿಲ್ಲ.

ಡಿಸೆಂಬರಿನಲ್ಲಿ ಅಹಮದಾಬಾದಿನಲ್ಲಿ ಕಾಲೇಜುಗಳ ನಾಟಕ ಸ್ಪರ್ಧೆ. ಇಪ್ಪತ್ತೆರಡು ತಂಡ. ‘ಸಾಂಭಳೋ’ಗೆ ಎರಡನೇ ಬಹುಮಾನ ಬಂತು. ಆ ಬೆನ್ನು ಯಾರದ್ದು, ಯಾವ ತಂಡದ ಕಲಾವಿದೆ ಎಂದು ತೀರ್ಪುಗಾರರಲ್ಲೊಬ್ಬರು ಕೇಳಿದರಂತೆ. ಕಾಲೇಜಿನಲ್ಲಿ ಗುಡಿಸುವವರು ಎಂದಾಗ ನಕ್ಕರಂತೆ, ತನ್ವಿ ತಮಾಷೆ ಮಾಡುತ್ತಿದ್ದಾಳೆಂದು. ಪ್ರಮಾಣಪತ್ರ ವಿದ್ಯಾರ್ಥಿಗಳಿಗೆ ಮಾತ್ರ. ಶಕುಂತಲಾ ವೇದಿಕೆಯ ಹಿಂದೆ ಎಲ್ಲರ ಚಪ್ಪಲಿ ಜೋಡಿಸುತ್ತ ನಿಂತಿದ್ದರು. ಅವರಿಗೆ ಅದರ ಬಗ್ಗೆ ದೂರಿಲ್ಲ. “ಅಹಮದಾಬಾದು ನೋಡಿದೆ. ನದಿಯಲ್ಲಿ ನೀರು ಉಂಟು ಅಂತ ಗೊತ್ತಾಯ್ತು” ಎಂದಷ್ಟೇ ಹೇಳುತ್ತಾರೆ.

ಬಹುಮಾನದ ಬೆನ್ನಿಗೇ ಕರೆ ಬಂತು. ಜನವರಿಯಲ್ಲಿ ಇನ್ನೊಂದು ಕಾಲೇಜಿನ ಉತ್ಸವದಲ್ಲಿ ನಾಟಕ ಆಡಬೇಕು. ಊರು ಸೂರತ್.

ಒಂಬತ್ತು ವರ್ಷದಲ್ಲಿ ಶಕುಂತಲಾ ಊರಿಗೆ ಹೋದದ್ದು ಮೂರು ಸಲ. ಮೂರು ಸಲವೂ ರೈಲು ಸೂರತ್ ದಾಟುವಾಗ ಮುಖದ ಮೇಲೆ ಸೆರಗೆಳೆದು ಮಲಗಿದ್ದರು. ಈಗ ಅದೇ ಪ್ಲಾಟ್‌ಫಾರಂ ಮೇಲೆ ಕಾಲಿಡಬೇಕು. “ಹಾಲ್ ಗುಡಿಸುವವರಿಲ್ಲ, ಬರೂದಿಲ್ಲ” ಎಂದುಬಿಟ್ಟರು. ಬದಲಿಗೆ ಬೇರೊಬ್ಬ ಹುಡುಗಿಯನ್ನು ಕೂರಿಸಿ ನೋಡಿದರು. ಆ ಹುಡುಗಿ ಚೆನ್ನಾಗಿಯೇ ಕೂತಳು, ಸರಿಯಾದ ಜಾಗದಲ್ಲಿ ತಲೆ ತಗ್ಗಿಸಿದಳು, ನಿಟ್ಟುಸಿರು ಬಿಟ್ಟಳು. ನಿತೇಶ್ ಅರ್ಧಕ್ಕೇ ಮಾತು ನಿಲ್ಲಿಸಿ, “ನನಗೆ ಆಗ್ತಾ ಇಲ್ಲ” ಎಂದು ರಂಗ ಇಳಿದ.

ಆ ಭಾನುವಾರ ಪ್ರಾರ್ಥನಾ ಗೋರ್ವಾದ ಕೋಣೆಗೆ ಬಂದಳು. ಪದ್ಮನಾಭ ಚಾಪೆಯ ಮೇಲೆ ಮಲಗಿದ್ದವರು ಎದ್ದು ಕೂತರು. ನಾಟಕದ ಬಗ್ಗೆ ಅವರಿಗೆ ಗೊತ್ತಿದ್ದದ್ದು ಹೆಂಡತಿ ಅಲ್ಲಿ ಸುಮ್ಮನೆ ಕೂರುತ್ತಾಳೆ ಎಂಬುದಷ್ಟೇ.

“ಮಾಸಿ, ಸೂರತ್ತಿಗೆ ಬಾ ಅಂತ ನಾನು ಜಿದ್ದು ಮಾಡಲ್ಲ. ನೀನು ಬರಲ್ಲ ಅಂದ್ರೆ ಬೇಡ. ಆದ್ರೆ ನೀನು ಕೇಳದಿದ್ರೆ ನಾನು ಯಾರಿಗೆ ಹೇಳೋದು? ಆ ಮಾತು ನನಗೆ ಬಾಯಿಂದ ಬರೋದಿಲ್ಲ.”

ಶಕುಂತಲಾ ಒಲೆಯ ಕಡೆ ತಿರುಗಿ ಚಾ ಸೋಸುತ್ತಿದ್ದರು. ಉತ್ತರ ಕೊಟ್ಟವರು ಪದ್ಮನಾಭ. “ಹೋಗಿ ಬಾ” ಎಂದರು. ಎರಡೇ ಶಬ್ದ. ಸೂರತ್ತಿನ ಹೆಸರು ಆ ಮನೆಯಲ್ಲಿ ಅಷ್ಟು ವರ್ಷಗಳಲ್ಲಿ ಅಷ್ಟು ಹತ್ತಿರಕ್ಕೆ ಬಂದದ್ದು ಅದೇ ಮೊದಲು.

ಜನವರಿ ಹದಿನೇಳರ ಬೆಳಿಗ್ಗೆ ರೈಲು ಸೂರತ್ ಮುಟ್ಟಿತು. ಮಕ್ಕಳೆಲ್ಲ ಇಳಿದರು. ಶಕುಂತಲಾ ಬಾಗಿಲ ಕಂಬಿ ಹಿಡಿದು ನಿಂತೇ ಇದ್ದರು. ಹಿಂದಿನಿಂದ ಜನ ಬೈಯುತ್ತಿದ್ದರು. ಪ್ರಾರ್ಥನಾ ಕೆಳಗೆ ನಿಂತು ಕೈ ಚಾಚಲಿಲ್ಲ, ಬೇಗ ಇಳಿ ಎನ್ನಲಿಲ್ಲ, ಸುಮ್ಮನೆ ಕಾದಳು. “ಹುಡುಗಿ ಎಂತದಾದ್ರೂ ಮಾತಾಡಿದ್ರೆ ನಾನು ಇಳೀತಿರ್ಲಿಲ್ಲ” ಎನ್ನುತ್ತಾರೆ ಶಕುಂತಲಾ. ಪ್ಲಾಟ್‌ಫಾರಂ ಸ್ವಚ್ಛವಾಗಿತ್ತು. ಚಾ ಮಾರುವವರು, ಹಮಾಲರು, ಬಣ್ಣದ ಸೀರೆಗಂಟು ಹೊತ್ತವರು. ಯಾರ ಮೂಗಿಗೂ ಬಟ್ಟೆ ಇರಲಿಲ್ಲ. ಅದನ್ನು ನೋಡಿ ಅವರಿಗೆ ಒಂದು ಗಳಿಗೆ ಸಿಟ್ಟು ಬಂತಂತೆ. ಈ ಊರು ಎಲ್ಲ ಮರೆತುಬಿಟ್ಟಿದೆಯಲ್ಲ ಎಂದು.

ನಾಟಕ ಮಧ್ಯಾಹ್ನ. ನಾಲ್ಕು ಮಂದಿಯ ಮಾತು ಎಂದಿನಂತೆ ಮುಗಿಯಿತು. ಕೊನೆಗೆ ಪ್ರಾರ್ಥನಾ ಬಂದು ಎದುರು ಕೂತಳು. ಬಸ್ ಸ್ಟ್ಯಾಂಡು, ಮಗುವಿನ ಕೈಗೆ ಕೊಟ್ಟ ಬಿಸ್ಕತ್ ಪೊಟ್ಟಣ, ಇಲ್ಲೇ ಇರು ಬಂದೆ ಎಂದು ಹೇಳಿದ್ದು, ಎಲ್ಲ ಅದೇ ಸಮಾಧಾನದ ದನಿಯಲ್ಲಿ. ಹನ್ನೊಂದನೇ ನಿಮಿಷದ ಹೊತ್ತಿಗೆ, ಆರು ತಿಂಗಳಲ್ಲಿ ಆ ಕುರ್ಚಿಯಲ್ಲಿ ಕೂತಷ್ಟು ಹೊತ್ತು ಒಮ್ಮೆಯೂ ಅಲ್ಲಾಡದ ಶಕುಂತಲಾ ಮುಂದಕ್ಕೆ ಬಾಗಿದರು. ಬಲಗೈ ಚಾಚಿ, ಅಂಗೈಯನ್ನು ಹುಡುಗಿಯ ಹಣೆಯ ಮೇಲಿಟ್ಟರು. ಜ್ವರ ಇದೆಯೇ ಎಂದು ನೋಡುವಂತೆ.

ಪ್ರಾರ್ಥನಾಳ ಮಾತು ನಿಂತಿತು. ಹಣೆಯ ಮೇಲಿನ ಕೈ ತುಸು ಹೊತ್ತು ಹಾಗೇ ಇತ್ತು, ಆಮೇಲೆ ಹಿಂದಕ್ಕೆ ಹೋಯಿತು. ಹುಡುಗಿ ಬಿಟ್ಟಲ್ಲಿಂದ ಮುಂದುವರಿಸಿ, ಒಂದು ಶಬ್ದವೂ ತಪ್ಪದೆ ಮುಗಿಸಿದಳು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅದೆಲ್ಲ ನಾಟಕದ್ದೇ ಭಾಗ ಎಂದುಕೊಂಡಿದ್ದರು.

“ಇನ್ನು ಮೇಲೆ ಪ್ರತಿ ಪ್ರಯೋಗದಲ್ಲೂ ಹಾಗೇ ಮಾಡಿ ಮಾಸಿ” ಎಂದು ತನ್ವಿ ಕೇಳಿಕೊಂಡಳು. ಶಕುಂತಲಾ ತಲೆಯಲ್ಲಾಡಿಸಿದರು. “ಆಗೂದಿಲ್ಲ. ಅದು ಒಂದು ಸಲಕ್ಕೆ.”

ಮರುದಿನ ಮಧ್ಯಾಹ್ನ ಪದ್ಮನಾಭ ಕೆಲಸದಿಂದ ಬಂದಾಗ ಶಕುಂತಲಾ ಬಾಗಿಲಲ್ಲೇ ಕಾದಿದ್ದರು. ಗಂಡ ಕೈಕಾಲು ತೊಳೆದು ಕೂರುವವರೆಗೂ ತಡೆಯಲಿಲ್ಲ.

“ಕೇಳಿ, ಒಂದು ಹೇಳೂಕುಂಟು. ನಾವು ಸೂರತ್ ಬಿಟ್ಟ ದಿನ ಮಗುವಿಗೆ ಮೈ ಬಿಸಿ ಇತ್ತು. ಹಿಂದಿನ ದಿನದಿಂದ ಇತ್ತು. ನಂಗೆ ಗೊತ್ತಿತ್ತು. ನೀವು ಕೇಳಿದಾಗ ನಾನು ಸುಳ್ಳು ಹೇಳಿದೆ.”

ಪದ್ಮನಾಭ ಟವೆಲ್ಲಿನಲ್ಲಿ ಕೈ ಒರೆಸುತ್ತಿದ್ದವರು ಒರೆಸುತ್ತಲೇ ಇದ್ದರು. ಅವರು ಬೈಯಬಹುದು, ಎದ್ದು ಹೋಗಬಹುದು, ಹೊಡೆಯಲೂಬಹುದು ಎಂದು ಶಕುಂತಲಾ ತಯಾರಾಗಿದ್ದರು.

“ಸ್ಟೇಷನ್ನಿಗೆ ಅವಳನ್ನು ಹೊತ್ತುಕೊಂಡು ಹೋದದ್ದು ಯಾರು?” ಎಂದರು ಪದ್ಮನಾಭ.

“ನೀವು.”

“ಹೆಗಲ ಮೇಲೆ ಮಲಗಿದ್ದಳು. ಅವಳ ಹಣೆ ನನ್ನ ಕುತ್ತಿಗೆಗೆ ತಾಗಿಕೊಂಡೇ ಇತ್ತಲ್ಲ.” ಟವೆಲ್ಲನ್ನು ಮಡಚಿ ಬದಿಗಿಟ್ಟರು. “ಕಾವಲಿಯ ಹಾಗೆ ಸುಡ್ತಿತ್ತು. ದಾರಿಯಲ್ಲಿ ಎರಡು ಸಲ ಆಸ್ಪತ್ರೆ ಕಡೆ ತಿರುಗುವ ಅಂತ ಕಂಡಿತು. ತಿರುಗಲಿಲ್ಲ. ಒಳಗೆ ಹಾಕಿಕೊಂಡ್ರೆ ಮತ್ತೆ ಸಿಕ್ಕೂದಿಲ್ಲ ಅಂತ ಹೆದರಿದೆ. ನಿಂಗೆ ಗೊತ್ತಿಲ್ಲ ಅಂತ ನಾನು ಸುಮ್ಮನಿದ್ದೆ.”

ಒಂಬತ್ತು ವರ್ಷ ಒಂದೇ ಕೋಣೆಯಲ್ಲಿ, ಒಂದೇ ಸಂಗತಿಯನ್ನು ಇಬ್ಬರೂ ಒಬ್ಬರಿಂದೊಬ್ಬರು ಮುಚ್ಚಿಟ್ಟುಕೊಂಡು ಬದುಕಿದ್ದರು. ಆ ಮಧ್ಯಾಹ್ನ ಅವರು ಊಟ ಮಾಡಲಿಲ್ಲ. ಗಂಡ ಮೊದಲು ಅತ್ತರು. ಶಕುಂತಲಾಗೆ ಅಳು ಬಂದದ್ದು ಸಂಜೆ ಹೊತ್ತಿಗೆ, ಅಕ್ಕಿ ತೊಳೆಯುವಾಗ. ಬಂದದ್ದು ನಿಲ್ಲಲು ಬಹಳ ಹೊತ್ತು ಹಿಡಿಯಿತು. ಪಕ್ಕದ ಮನೆಯವರು ಬಂದು ಯಾರು ಹೋದರು ಎಂದು ಕೇಳಿದರಂತೆ. “ಮಗಳು” ಎಂದರಂತೆ ಪದ್ಮನಾಭ.

ಪದ್ಮನಾಭ ಅಂದು ಟ್ರಂಕಿನ ತಳದಿಂದ, ಪ್ಲಾಸ್ಟಿಕ್ ಚೀಲದೊಳಗೆ ಮಡಚಿಟ್ಟ ಒಂದು ಕಾಗದ ತೆಗೆದರು. ಆಸ್ಪತ್ರೆಯ ಚೀಟಿ. ಅದು ಉಳಿದಿದೆಯೆಂದೇ ಶಕುಂತಲಾಗೆ ಗೊತ್ತಿರಲಿಲ್ಲ. ಮಡಿಕೆಗಳಲ್ಲಿ ಹರಿದಿದೆ, ಆದರೆ ಡಾಕ್ಟರ ಅಕ್ಷರ ಇನ್ನೂ ಓದಬಹುದು. ಕಾಯಿಲೆಯ ಹೆಸರು ನ್ಯುಮೋನಿಯಾ. ಈ ಕಾಗದ ಊರಲ್ಲಿ ಯಾರೂ ನೋಡಿಲ್ಲ. ಮಗು ತೀರಿದ ಸುದ್ದಿ ಮುಟ್ಟಿದಾಗ ಪದ್ಮನಾಭರ ಅಣ್ಣ, ಸದ್ಯಕ್ಕೆ ಊರಿಗೆ ಬರಬೇಡಿ, ಇಲ್ಲಿ ಮನೆಯಲ್ಲಿ ಸಣ್ಣ ಮಕ್ಕಳಿದ್ದಾರೆ ಎಂದು ಬರೆದಿದ್ದರು. ಮುಂದೆ ಹೋದಾಗಲೂ ಇವರಿಗೆ ಬೇರೆ ಲೋಟದಲ್ಲಿ ಕಾಫಿ ಬಂತು. ಪ್ಲೇಗಿನಲ್ಲಿ ಹೋದ ಮಗು ಎಂದೇ ಊರ ಮಾತು. ಹಾಗಲ್ಲವೆಂದು ಹೇಳಲು ಹೋದರೆ ಉಳಿದದ್ದನ್ನೂ ಹೇಳಬೇಕಾಗುತ್ತದೆಂದು ಇವರು ಸುಮ್ಮನಾಗಿದ್ದರು.

ಈಗ ತಾಲೀಮು ಮತ್ತೆ ಶುರುವಾಗಿದೆ. ಮಾರ್ಚಿನಲ್ಲಿ ಕೊನೆಯ ಪ್ರಯೋಗ, ಆಮೇಲೆ ಪರೀಕ್ಷೆ, ಆಮೇಲೆ ಈ ಐವರೂ ಒಂದೊಂದು ದಿಕ್ಕಿಗೆ. ಹೊಸ ಕರಪತ್ರದಲ್ಲಿ ಹೆಸರು ಹಾಕುತ್ತೇವೆ ಎಂದು ತನ್ವಿ ಹೇಳಿದ್ದಾಳೆ. ಶಕುಂತಲಾಗೆ ಅದರಲ್ಲಿ ಅಂಥ ಆಸಕ್ತಿ ಕಾಣುವುದಿಲ್ಲ. ತಮ್ಮ ಬಗ್ಗೆ ಪತ್ರಿಕೆಗೆ ಬರೆಯಲೂ ಅವರು ಮೊದಲು ಒಪ್ಪಿರಲಿಲ್ಲ. ಒಂದು ವಾರ ಯೋಚಿಸಿ, ಗಂಡನನ್ನೂ ಕೇಳಿ, ಒಪ್ಪಿದ್ದು ಒಂದು ಷರತ್ತಿನ ಮೇಲೆ: ಇದು ಊರಿನವರ ಕೈಗೂ ಸಿಗಬೇಕು. ಈ ಪತ್ರಿಕೆ ಬ್ರಹ್ಮಾವರಕ್ಕೆ ಹೋಗುತ್ತದೆಯೇ ಎಂದು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು. ರಂಗದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತು, ಆ ಚೀಟಿಯನ್ನು ತೊಡೆಯ ಮೇಲೆ ಬಿಡಿಸಿಟ್ಟು ಹೇಳಿದರು:

“ನಮ್ಮ ಮಗುವಿಗೆ ಆ ರೋಗ ಇರ್ಲಿಲ್ಲ ಅಂತ ಬರೀರಿ. ಇಲ್ಲಿ ಉಂಟು ನೋಡಿ, ಡಾಕ್ಟ್ರು ಬರೆದದ್ದು. ನಾವು ಮಾಡಿದ ತಪ್ಪನ್ನೂ ಬರೀರಿ, ಅದು ನಮ್ಮದು, ನಮ್ಮ ಹತ್ರ ಇರ್ಲಿ. ಮಗುವಿನದ್ದು ಎಂತ ತಪ್ಪೂ ಇಲ್ಲ. ಹೆಸರು ವಾರಿಜಾ. ಎರಡನೇ ಕ್ಲಾಸು. ನಂಗೆ ಗುಜರಾತಿ ಓದ್ಲಿಕ್ಕೆ ಬರೂದಿಲ್ಲ ಅಲ್ವಾ, ಸೂರತ್ತಲ್ಲಿ ಎಲ್ಲಿಗೆ ಹೋಗೂದಾದ್ರೂ ಅವಳೇ ಬಸ್ಸಿನ ಬೋರ್ಡು ಓದಿ ಹತ್ತಿಸ್ತಿದ್ಲು. ಅಷ್ಟು ಸಣ್ಣ ಮಗು. ಒಂದು ದಿನ ಕೂಡ ನಾವು ತಪ್ಪು ಬಸ್ ಹತ್ತಿದ್ದಿಲ್ಲ.”